ಕಾಸರಕದ ದಿಬ್ಬ

ಕಾಂಬೋಡಿಯವೆಂದೊಡನೆ ಕನ್ನಡ ವಾಚಕರ ಕಣ್ಣೆದುರು ನಿಲ್ಲುವುದು ಅಂಗ್ಕೋರ್ ವಾಟ್ ದೇವಾಲಯ. 12ನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ ಆ ಮಂದಿರದ ಜೀರ್ಣೋದ್ಧಾರಕ್ಕೆಂದು ಭಾರತದ ಪುರಾತತ್ತ್ವ ಇಲಾಖೆಯವರು 1986ರಿಂದ 1993ರ ವರೆಗೆ ಅಲ್ಲಿ ದುಡಿದರು. ಅದರ ಮೊಗಸಾಲೆಯ ಗೋಡೆಯ ಮೇಲೆ ಸಮುದ್ರಮಥನದ ಉಬ್ಬುಚಿತ್ರವು ಬಹು ಉದ್ದಕ್ಕೆ ಹಬ್ಬಿದೆ. ದೇವದಾನವರು ವಾಸುಕಿಯನ್ನು ಹಿಡಿದು ಜಗ್ಗುವ ಆ ಸೊಬಗನ್ನು ಕಂಡು ಬೆರಗಾಗುವ ಯಾತ್ರಿಕನಿಗೆ, ಅಮೃತಕ್ಕಿಂತ ಮೊದಲು ಅದೇ ಕಡಲಿನಿಂದ ಹಾಲಾಹಲವು ಮೇಲೆದ್ದಿತೆಂಬ ಕಥೆಯ ಭಾಗವು ಆಗ ನೆನಪಿಗೆ ಬಾರದಿರಬಹುದು. ಆ ನಾಡಿನ ಹಾಲಾಹಲವನ್ನು ಕಾಣಬೇಕಾದರೆ ಅಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರು ದೂರದ ರಾಜಧಾನಿ ಫ್ನಾಮ್ ಪೆನ್ ನಗರಕ್ಕೆ ಬರಬೇಕು.

ಮೆಕಾಂಗ್ ಮತ್ತು ಟೋನ್ಲೆ ಸಾಪ್ ನದಿಗಳು ಕೂಡುವ ಎಡೆಯಲ್ಲಿರುವ ಈ ನಗರವು ನೋಡಲು ಹಸನಾದುದು. ಅರಮನೆಯ ಹೊಂಬಣ್ಣದ ಮಾಡುಗಳು, ಕಾಷಾಯ ತೊಟ್ಟ ಬೌದ್ಧ ಭಿಕ್ಷುಗಳು, ಹೊಳೆಯ ದಂಡೆಯಲ್ಲಿ ಸಂಜೆಯ ಗಾಳಿಗೆ ಬಂದು ಕುಳಿತ ಸಂಸಾರಗಳು ಎಲ್ಲವೂ ಮನಸ್ಸನ್ನು ಹಗುರಗೊಳಿಸುತ್ತವೆ. ಇದೇ ನಗರದ ದಕ್ಷಿಣ ಭಾಗದಲ್ಲಿ, ಜನವಸತಿಯ ಬೀದಿಗಳ ನಡುವೆ, ಟೂಲ್ ಸ್ಲೆಂಗ್ ಎಂಬ ಸ್ಥಳವಿದೆ. ಖ್ಮೇರ್ ಭಾಷೆಯಲ್ಲಿ ಟೂಲ್ ಎಂದರೆ ದಿಬ್ಬ. ಸ್ಲೆಂಗ್ ಎಂದರೆ ಕನ್ನಡ ನಾಡಿನ ಕಾಡುಗಳಲ್ಲಿ ಕಾಸರಕವೆಂದು ಹೆಸರಾದ ವಿಷದ ಮರ. ಕಾಸರಕದ ದಿಬ್ಬವೆಂಬ ಈ ಹೆಸರಿನ ನೆಲದಲ್ಲಿ ಇರುವುದು ಕೋಟೆಯಲ್ಲ, ಕಾರಾಗೃಹಕ್ಕೆಂದು ಕಟ್ಟಿದ ಕಟ್ಟಡವೂ ಅಲ್ಲ. ಅದೊಂದು ಪ್ರೌಢಶಾಲೆ.

ಹೆಸರುಗಳು ಉಳಿದವು, ಅರ್ಥ ಅಳಿಯಿತು

ಖ್ಮೇರ್ ಜನರು ಪ್ರೌಢಶಾಲೆಯನ್ನು ಕರೆಯುವ ಮಾತು ವಿದ್ಯಾಲಯವೆಂಬ ಸಂಸ್ಕೃತ ಪದದ ರೂಪಾಂತರ. ಉಪಾಧ್ಯಾಯನನ್ನು ಅವರು ‘ಕ್ರೂ’ ಎನ್ನುತ್ತಾರೆ. ಅದು ‘ಗುರು’ ಶಬ್ದವೇ. 1962ರಲ್ಲಿ ಆರಂಭವಾದ ಈ ವಿದ್ಯಾಲಯಕ್ಕೆ ಮೊದಲು ಪೊನ್ಹೆಯಾ ಯಾಟ್ ಎಂಬ ಹಳೆಯ ಅರಸನ ಹೆಸರಿತ್ತು. ಅನಂತರ ಅದಕ್ಕೆ ಟೂಲ್ ಸ್ವೇ ಪ್ರೇ ವಿದ್ಯಾಲಯವೆಂಬ ಹೆಸರಾಯಿತು. ನಡುವೆ ಹುಲ್ಲಿನ ಅಂಗಳ, ಸುತ್ತಲೂ ಮೂರಂತಸ್ತಿನ ಉದ್ದನೆಯ ಕಟ್ಟಡಗಳು, ಪ್ರತಿ ಅಂತಸ್ತಿನಲ್ಲಿಯೂ ತೆರೆದ ಜಗಲಿ, ಜಗಲಿಯುದ್ದಕ್ಕೂ ಸಾಲಾಗಿ ತರಗತಿಯ ಕೋಣೆಗಳು, ಹೀಗೆ ಅದು ಏಷ್ಯದ ಯಾವ ಊರಿನಲ್ಲಿಯಾದರೂ ಕಾಣಬಹುದಾದಂತಹ ಶಾಲೆ. ಅಂಗಳದಲ್ಲಿ ಇಂದಿಗೂ ದೇವಕಣಗಿಲೆಯ ಮರಗಳು ಬಿಳಿಯ ಹೂವನ್ನು ಉದುರಿಸುತ್ತವೆ.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯೂನಿಸ್ಟ್ ಪಡೆಗಳು ಫ್ನಾಮ್ ಪೆನ್ ನಗರವನ್ನು ಹಿಡಿದವು. ಐದು ವರ್ಷಗಳ ಅಂತರ್ಯುದ್ಧದಿಂದ ಬಳಲಿದ್ದ ಜನರು ಶಾಂತಿ ಬಂದಿತೆಂದು ಬೀದಿಗೆ ಬಂದು ಸ್ವಾಗತಿಸಿದರು. ಕೆಲವೇ ಗಂಟೆಗಳಲ್ಲಿ ನಗರವನ್ನು ಬರಿದುಮಾಡುವಂತೆ ಆಜ್ಞೆಯಾಯಿತು. ಯುದ್ಧದ ನಿರಾಶ್ರಿತರೂ ಸೇರಿ ಇಪ್ಪತ್ತು ಲಕ್ಷದಷ್ಟು ಜನ ಕಾಲ್ನಡಿಗೆಯಲ್ಲಿ ಹಳ್ಳಿಗಾಡಿಗೆ ಹೊರಟರು. ಆಸ್ಪತ್ರೆಗಳ ರೋಗಿಗಳನ್ನು ಸಹ ಹಾಸಿಗೆಯಿಂದೆಬ್ಬಿಸಿ ಕಳುಹಿಸಲಾಯಿತು. ಹಣವನ್ನು ರದ್ದುಗೊಳಿಸಿದರು. ಅಂಗಡಿ, ಅಂಚೆ, ದೇವಾಲಯ, ಶಾಲೆ ಎಲ್ಲವೂ ಮುಚ್ಚಿದವು. ಇಡೀ ದೇಶವನ್ನು ಬತ್ತದ ಗದ್ದೆಯನ್ನಾಗಿ ಮಾಡಿ, ಹಳೆಯ ಸಮಾಜವನ್ನು ಬೇರುಸಹಿತ ಕಿತ್ತು ಹೊಸತನ್ನು ನೆಡುವುದಾಗಿ ಆಳುವವರು ಸಾರಿದರು.

ಆಳುವವರು ಯಾರೆಂಬುದು ಬಹುಕಾಲ ಜನರಿಗೆ ತಿಳಿಯಲಿಲ್ಲ. ‘ಅಂಗ್ಕಾರ್’ ಎಂಬ ಒಂದು ಮಾತು ಮಾತ್ರ ಕೇಳಿಬರುತ್ತಿತ್ತು. ಸಂಸ್ಕೃತದ ‘ಅಂಗ’ ಶಬ್ದದಿಂದ ಬಂದ ಆ ಮಾತಿಗೆ ಸಂಸ್ಥೆಯೆಂದು ಅರ್ಥ. ಅಂಗ್ಕಾರ್ ಕರೆದಿದೆಯೆಂದರೆ ಹೋದವನು ಮರಳಿ ಬರುತ್ತಿರಲಿಲ್ಲ. ಅದರ ಗುಪ್ತ ಪೋಲೀಸು ಇಲಾಖೆಯ ಹೆಸರು ‘ಸಂತೆಬಾಲ್’. ಬರಹದಲ್ಲಿ ಅದು ‘ಶಾಂತಿಪಾಲ’. ಆ ಇಲಾಖೆಯ ಮುಖ್ಯ ಸೆರೆಮನೆಯಾಗಿ 1976ರಲ್ಲಿ ಈ ವಿದ್ಯಾಲಯವು ಮಾರ್ಪಟ್ಟಿತು. ಅದಕ್ಕೆ ಎಸ್-21 ಎಂಬ ಸಂಕೇತನಾಮವನ್ನಿಟ್ಟರು. ಇದರಲ್ಲಿನ ‘ಎಸ್’ ಎಂಬುದು ‘ಸಾಲಾ’ ಎಂಬ ಮಾತಿನ ಮೊದಲಕ್ಷರವಾಗಿರಬೇಕೆಂದು ಇತಿಹಾಸಕಾರ ಡೇವಿಡ್ ಚಾಂಡ್ಲರ್ ಅಭಿಪ್ರಾಯಪಡುತ್ತಾರೆ. ಸಾಲಾ ಎಂದರೆ ಶಾಲೆ. ವಿದ್ಯಾಲಯ, ಗುರು, ಶಾಲೆ, ಶಾಂತಿ ಮೊದಲಾದ ಶಬ್ದಗಳೆಲ್ಲ ಕನ್ನಡಿಗನಿಗೆ ಮನೆಮಾತಿನಷ್ಟು ಪರಿಚಿತ. ಅವುಗಳ ಹೊರಮೈ ಹಾಗೆಯೇ ಉಳಿದು ಒಳಗಿನ ಜೀವವು ಹೇಗೆ ಬೇರೊಂದಾಯಿತೆಂಬುದನ್ನು ಈ ಕಟ್ಟಡಗಳು ತೋರಿಸುತ್ತವೆ.

ನಾಲ್ಕು ಕಟ್ಟಡಗಳು

ಸಂದರ್ಶಕನು ಮೊದಲು ಕಾಣುವುದು ಎ ಕಟ್ಟಡವನ್ನು. ಇಲ್ಲಿನ ಪ್ರತಿ ಕೋಣೆಯಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಮಂಚ, ಒಂದು ಕಾಲುಸಂಕೋಲೆ, ಶೌಚಕ್ಕೆಂದು ಇಟ್ಟಿದ್ದ ಮದ್ದುಗುಂಡಿನ ಡಬ್ಬಿ ಇವಿಷ್ಟೇ ಇವೆ. ನೆಲಕ್ಕೆ ಚೌಕದ ಬಿಲ್ಲೆಗಳನ್ನು ಹಾಸಿದೆ. 1979ರ ಜನವರಿ 7ರಂದು ವಿಯೆಟ್ನಾಮ್ ಸೈನ್ಯವು ನಗರವನ್ನು ಪ್ರವೇಶಿಸಿದಾಗ ಸೆರೆಮನೆಯವರು ಓಡಿಹೋಗುವ ಮುನ್ನ ಉಳಿದ ಬಂದಿಗಳನ್ನು ಕೊಂದಿದ್ದರು. ದುರ್ಗಂಧವನ್ನು ಅನುಸರಿಸಿ ಬಂದ ವಿಯೆಟ್ನಾಮಿನ ಛಾಯಾಚಿತ್ರ ಪತ್ರಕರ್ತರಿಗೆ ಈ ಮಂಚಗಳ ಮೇಲೆ ಹೆಣಗಳು ದೊರೆತವು. ಅಂದು ತೆಗೆದ ಚಿತ್ರಗಳನ್ನು ಗೋಡೆಗೆ ತೂಗುಹಾಕಿದ್ದಾರೆ. ಹಾಗೆ ಸಿಕ್ಕಿದ 14 ಮಂದಿಯ ಸಮಾಧಿಗಳು ಅಂಗಳದಲ್ಲಿಯೇ ಬಿಳಿಯ ಸಾಲಾಗಿ ನಿಂತಿವೆ.

ಸಮಾಧಿಗಳ ಬಳಿಯಲ್ಲಿ ಎತ್ತರದ ಮರದ ಕಂಬಗಳ ಮೇಲೆ ಅಡ್ಡತೊಲೆಯೊಂದು ಕಾಣುತ್ತದೆ. ಹುಡುಗರು ಹಗ್ಗ ಹಿಡಿದು ಹತ್ತಿ ವ್ಯಾಯಾಮ ಮಾಡಲೆಂದು ಶಾಲೆಯವರು ನೆಡಿಸಿದ್ದ ತೊಲೆ ಅದು. ಸೆರೆಮನೆಯವರು ಅದರಿಂದ ಮನುಷ್ಯರನ್ನು ತಲೆಕೆಳಗಾಗಿ ತೂಗುಹಾಕಿದರು. ಕೆಳಗೆ ನೀರಿನ ದೊಡ್ಡ ಹಂಡೆಗಳು ಇಂದಿಗೂ ಇವೆ.

ಬಿ ಕಟ್ಟಡದ ತುಂಬ ಭಾವಚಿತ್ರಗಳು. ಒಳಗೆ ಬಂದ ಪ್ರತಿಯೊಬ್ಬ ಬಂದಿಯನ್ನೂ ಕುರ್ಚಿಯಲ್ಲಿ ಕೂರಿಸಿ, ಎದೆಗೆ ಸಂಖ್ಯೆಯ ಚೀಟಿಯನ್ನು ಸಿಕ್ಕಿಸಿ, ಚಿತ್ರ ತೆಗೆಯುವುದು ಇಲ್ಲಿನ ಕ್ರಮವಾಗಿತ್ತು. ಅಂತಹ ಸಾವಿರಾರು ಮುಖಗಳು ಹಲಗೆಗಳ ಮೇಲೆ ಸಾಲುಗಟ್ಟಿ ನಿಂತಿವೆ. ರೈತರು, ಸೈನಿಕರು, ಉಪಾಧ್ಯಾಯರು, ಮಂತ್ರಿಗಳು, ಮಡಿಲಲ್ಲಿ ಕೂಸನ್ನಿಟ್ಟುಕೊಂಡ ತಾಯಂದಿರು, ಹತ್ತು ಹನ್ನೆರಡು ವರ್ಷದ ಹುಡುಗರು, ಎಲ್ಲರೂ ನೋಡುತ್ತಿರುವುದು ಛಾಯಾಚಿತ್ರ ಯಂತ್ರದ ಕಡೆಗೆ. ಅಂದು ಆ ಯಂತ್ರದ ಹಿಂದೆ ಶತ್ರು ನಿಂತಿದ್ದನು. ಇಂದು ಅದೇ ಸ್ಥಾನದಲ್ಲಿ ಸಂದರ್ಶಕನು ನಿಲ್ಲಬೇಕಾಗುತ್ತದೆ. ಈ ಕೋಣೆಗಳಲ್ಲಿ ಮಾತು ತಾನಾಗಿಯೇ ಉಡುಗುತ್ತದೆ.

ಸಿ ಕಟ್ಟಡದ ಮುಂಭಾಗವನ್ನು ಮೇಲಿನಿಂದ ಕೆಳಗಿನವರೆಗೆ ಮುಳ್ಳುತಂತಿಯ ಬಲೆಯಿಂದ ಮುಚ್ಚಿದೆ. ಬಂದಿಗಳು ತಪ್ಪಿಸಿಕೊಂಡು ಹೋಗದಿರಲೆಂದು ಮಾತ್ರವಲ್ಲ, ಮಹಡಿಯಿಂದ ಹಾರಿ ಸಾಯದಿರಲೆಂದೂ ಅದನ್ನು ಬಿಗಿದಿದ್ದರು. ಅಲ್ಲಿ ಸಾಯುವ ಸ್ವಾತಂತ್ರ್ಯವೂ ಇರಲಿಲ್ಲ. ಕೆಳ ಅಂತಸ್ತಿನ ತರಗತಿಗಳಲ್ಲಿ ಅಡ್ಡಾದಿಡ್ಡಿಯಾಗಿ ಇಟ್ಟಿಗೆ ಪೇರಿಸಿ ಗೂಡುಗಳನ್ನು ಕಟ್ಟಿದ್ದಾರೆ. ಒಂದೊಂದರ ಅಗಲ ಒಂದು ಮೀಟರಿಗೂ ಕಡಿಮೆ, ಉದ್ದ ಎರಡು ಮೀಟರು. ಅದರ ಮೇಲಿನ ಅಂತಸ್ತಿನಲ್ಲಿ ಮರದ ಗೂಡುಗಳು. ದೊಡ್ಡ ಕೋಣೆಗಳಲ್ಲಿ ಹತ್ತಾರು ಜನರನ್ನು ಸಾಲಾಗಿ ಮಲಗಿಸಿ, ಎಲ್ಲರ ಕಾಲುಗಳನ್ನೂ ಒಂದೇ ಕಬ್ಬಿಣದ ಸಲಾಕೆಗೆ ಬಿಗಿಯುತ್ತಿದ್ದರು. ಕೆಲವು ಕೋಣೆಗಳ ಗೋಡೆಗಳಲ್ಲಿ ಹಳೆಯ ಕರಿಹಲಗೆಗಳು ಹಾಗೆಯೇ ಉಳಿದಿವೆ.

ಡಿ ಕಟ್ಟಡದಲ್ಲಿ ಚಿತ್ರಹಿಂಸೆಯ ಉಪಕರಣಗಳ ಜೊತೆಗೆ ವಾನ್ ನಾಥ್ ಎಂಬ ಚಿತ್ರಕಾರರ ವರ್ಣಚಿತ್ರಗಳಿವೆ. ಅವರೂ ಇಲ್ಲಿನ ಬಂದಿಯೇ. ನಾಯಕನ ಭಾವಚಿತ್ರವನ್ನು ಬರೆಯಬಲ್ಲರೆಂಬ ಒಂದೇ ಕಾರಣದಿಂದ ಅವರನ್ನು ಬದುಕಿಸಿದ್ದರು. ಬೂ ಮೆಂಗ್ ಎಂಬುವರು ಉಳಿದುದೂ ಚಿತ್ರಕಲೆಯಿಂದಲೇ. ಚುಮ್ ಮೇ ಎಂಬುವರು ಕೆಟ್ಟ ಯಂತ್ರಗಳನ್ನು ಸರಿಪಡಿಸಬಲ್ಲವರಾಗಿದ್ದರು. ಸೆರೆಮನೆಯ ಬೆರಳಚ್ಚು ಯಂತ್ರಗಳು ನಿಲ್ಲದೆ ನಡೆಯಬೇಕಾಗಿತ್ತಾದ್ದರಿಂದ ಅವರ ತಲೆಯೂ ಉಳಿಯಿತು. ಹೀಗೆ ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಒಳಹೊಕ್ಕವರ ಸಂಖ್ಯೆಯಾದರೋ 14,000ದಿಂದ 18,000ದ ವರೆಗೆ ಇರಬಹುದೆಂದು ಅಂದಾಜು.

ಗುರುಗಳೇ ಸೆರೆಯಾಳರಸರಾದಾಗ

ಈ ಸೆರೆಮನೆಯ ಅಧಿಪತಿ ಯಾರಾಗಿದ್ದನೆಂಬುದೇ ಇಲ್ಲಿನ ಎಲ್ಲ ಸಂಗತಿಗಳಿಗಿಂತ ಮನಸ್ಸನ್ನು ಹೆಚ್ಚು ಕಲಕುತ್ತದೆ. ಡೂಚ್ ಎಂಬ ಗುಪ್ತನಾಮದ ಕಾಂಗ್ ಕೆಕ್ ಇವ್‌ನು 1942ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಬುದ್ಧಿಬಲದಿಂದ ಮೇಲೆ ಬಂದವನು. ಅವನು ಗಣಿತದ ಉಪಾಧ್ಯಾಯ. ಅವನ ಅಡಿಯಲ್ಲಿ ವಿಚಾರಣೆ ನಡೆಸುತ್ತಿದ್ದ ಮಾಮ್ ನಾಯ್ ಉಪಾಧ್ಯಾಯ. ಅವನಿಗೆ ಆಜ್ಞೆ ಕೊಡುತ್ತಿದ್ದ ಸೋನ್ ಸೆನ್ ಉಪಾಧ್ಯಾಯರ ತರಬೇತಿ ಸಂಸ್ಥೆಯಲ್ಲಿ ಅಧ್ಯಯನ ವಿಭಾಗದ ಮುಖ್ಯಸ್ಥನಾಗಿದ್ದವನು. ಎಲ್ಲರ ಮೇಲಿದ್ದ ಪೋಲ್ ಪಾಟ್‌ನ ನಿಜನಾಮ ಸಲೋಥ್ ಸಾರ್. ಪ್ಯಾರಿಸಿನಲ್ಲಿ ಓದಿ 1953ರಲ್ಲಿ ಮರಳಿದ ಅವನು ಫ್ನಾಮ್ ಪೆನ್‌ನ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದನು. ಮೃದುಭಾಷಿಯಾದ ಒಳ್ಳೆಯ ಉಪಾಧ್ಯಾಯನೆಂದು ಅವನ ಶಿಷ್ಯರು ನೆನೆಯುತ್ತಿದ್ದರು.

ವಿದ್ಯೆಯಿಂದ ವಿನಯವು ಬರುವುದೆಂದು ನಂಬಿದ ಜನಕ್ಕೆ ಇದು ನುಂಗಲಾರದ ತುತ್ತು. ಇವರು ಅಕ್ಷರವಿಲ್ಲದ ದರೋಡೆಕೋರರಾಗಿದ್ದರೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಅವರ ಆಳ್ವಿಕೆಯಲ್ಲಿ ಓದಿದವರನ್ನೇ ಹುಡುಕಿ ಹುಡುಕಿ ಕೊಂದರು. ಉಪಾಧ್ಯಾಯರ ಪೀಳಿಗೆಯೊಂದು ಬಹುಪಾಲು ನಾಶವಾಯಿತು. ಆದರೆ ಸೆರೆಮನೆಯನ್ನು ನಡೆಸಲು ಅವರು ಬಳಸಿದುದು ಮಾತ್ರ ಶಾಲೆಯ ಶಿಸ್ತನ್ನೇ. ಹಾಜರಿಯ ಪಟ್ಟಿ, ಕ್ರಮಸಂಖ್ಯೆ, ವೇಳಾಪಟ್ಟಿ, ಬರಹದ ಅಭ್ಯಾಸ, ತಿದ್ದುಪಡಿ ಎಲ್ಲವೂ ಅಲ್ಲಿದ್ದವು. ಬಂದಿಯು ತನ್ನ ತಪ್ಪೊಪ್ಪಿಗೆಯನ್ನು ಬರೆಯಬೇಕು. ತೃಪ್ತಿಯಾಗದಿದ್ದರೆ ಹಿಂಸೆಯ ಬಳಿಕ ಮತ್ತೆ ಬರೆಯಬೇಕು. ಉತ್ತರಪತ್ರಿಕೆಯನ್ನು ತಿದ್ದುವ ಮೇಷ್ಟರಂತೆ ಡೂಚ್ ಆ ಹಾಳೆಗಳನ್ನು ಸಾಲುಸಾಲಾಗಿ ಓದಿ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದನು. ಅಮೆರಿಕದ ಗೂಢಚಾರ, ರಷ್ಯದ ಗೂಢಚಾರ, ವಿಯೆಟ್ನಾಮಿನ ಗೂಢಚಾರ ಎಂದು ಜನರು ತಮಗೆ ಅರ್ಥವೇ ಆಗದ ಅಪರಾಧಗಳನ್ನು ಒಪ್ಪಿಕೊಂಡರು, ಬಂಧುಮಿತ್ರರ ಹೆಸರುಗಳನ್ನು ಬರೆದುಕೊಟ್ಟರು. ಹೆಸರು ಬಂದವರೆಲ್ಲ ಮರುದಿನದ ಬಂದಿಗಳು. 17 ಮಂದಿ ಹದಿಹರೆಯದವರ ಮತ್ತು ಎಳೆಯ ಮಕ್ಕಳ ಪಟ್ಟಿಯೊಂದಿದೆ. ಅದರ ಮೇಲೆ ಎಲ್ಲರನ್ನೂ ಕೊಲ್ಲಬೇಕೆಂಬ ಆಜ್ಞೆ ಡೂಚ್‌ನ ಕೈಬರಹದಲ್ಲಿದೆ.

ಕಾವಲುಗಾರರಾಗಿದ್ದವರಲ್ಲಿ ಹೆಚ್ಚಿನವರು ಬಡ ರೈತರ ಮನೆಗಳಿಂದ ಬಂದ ಎಳೆಯ ಹುಡುಗರು. ಹದಿನೈದು, ಹದಿನಾರು ವರ್ಷದವರೂ ಇದ್ದರು. ಆ ಕೋಣೆಗಳಲ್ಲಿ ಬೆಂಚಿನ ಮೇಲೆ ಕುಳಿತು ಓದಬೇಕಾದ ವಯಸ್ಸು ಅವರದು. ಅವರಿಗೂ ಅಲ್ಲಿ ಪಾಠವಾಯಿತು, ಆದರೆ ಪಾಠ ಹೇಳಿದವನು ಡೂಚ್. ಸಣ್ಣ ತಪ್ಪಿಗೂ ಅವರಲ್ಲಿ ಅನೇಕರು ತಾವೇ ಬಂದಿಗಳಾಗಿ ಸತ್ತರು. ಸರ್ವಾಧಿಕಾರವು ಹಗೆಗಳನ್ನು ಮುಗಿಸಿದ ಮೇಲೆ ತನ್ನವರನ್ನೇ ತಿನ್ನತೊಡಗುತ್ತದೆಂಬ ಮಾತಿಗೆ ಎಸ್-21ಕ್ಕಿಂತ ಬೇರೆ ಸಾಕ್ಷಿ ಬೇಡ. ಇಲ್ಲಿ ಸತ್ತವರಲ್ಲಿ ಬಹುಮಂದಿ ಆ ಪಕ್ಷದವರೂ ಅವರ ಹೆಂಡಿರು ಮಕ್ಕಳೂ ಆಗಿದ್ದರು. ಮಾಹಿತಿ ಸಚಿವನಾಗಿದ್ದ ಹೂ ನಿಮ್‌ನು 1977ರಲ್ಲಿ ಈ ಬಾಗಿಲನ್ನು ದಾಟಿ ಒಳಬಂದವನು ಜೀವಸಹಿತ ಮರಳಲಿಲ್ಲ.

ಕೊಂದವರೇ ಬರೆದಿಟ್ಟ ಸಾಕ್ಷ್ಯ

ಅಷ್ಟು ಕಟ್ಟುನಿಟ್ಟಾಗಿ ಇಟ್ಟ ಕಡತಗಳೇ ಕೊನೆಗೆ ಕೊಲೆಗಡುಕರನ್ನು ಹಿಡಿದುಕೊಟ್ಟವು. ಅವಸರದಲ್ಲಿ ಓಡಿದವರು ಕಾಗದಗಳನ್ನು ಸುಡಲಿಲ್ಲ. ಸಾವಿರಾರು ತಪ್ಪೊಪ್ಪಿಗೆಗಳು, ಪಟ್ಟಿಗಳು, ಛಾಯಾಚಿತ್ರಗಳು ಉಳಿದವು. 1980ರಲ್ಲಿ ಈ ಸ್ಥಳವು ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದಾಗ ಮೊದಲು ಬಂದವರು ಪ್ರವಾಸಿಗರಲ್ಲ. ಕಾಣೆಯಾದ ಮಗನನ್ನೋ ಗಂಡನನ್ನೋ ಈ ಮುಖಗಳ ಸಾಲಿನಲ್ಲಿ ಹುಡುಕಲು ಬಂದ ಕಾಂಬೋಡಿಯದ ಜನರು. ಈ ಕಡತಗಳನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಅಂಗಳದಲ್ಲಿ ಸ್ಮಾರಕ ಸ್ತೂಪವನ್ನು ಕಟ್ಟಿ ಸುತ್ತಲೂ ಕರಿಯ ಕಲ್ಲುಗಳಲ್ಲಿ ಬಂದಿಗಳ ಹೆಸರುಗಳನ್ನು ಕೆತ್ತಿದರು. ಸಂಖ್ಯೆಯಾಗಿ ಸತ್ತವರಿಗೆ ಹೆಸರು ಮರಳಿ ದೊರೆಯಿತು.

ಡೂಚ್‌ನು ಇಪ್ಪತ್ತು ವರ್ಷ ಮರೆಯಲ್ಲಿ ಬಾಳಿದನು. ಹೆಸರನ್ನು ಬದಲಿಸಿಕೊಂಡು, ಆಶ್ಚರ್ಯವೆಂದರೆ, ಮತ್ತೆ ಉಪಾಧ್ಯಾಯನೂ ಆದನು. 1999ರಲ್ಲಿ ಛಾಯಾಚಿತ್ರಕಾರ ನಿಕ್ ಡನ್‌ಲಪ್ ಅವನನ್ನು ಗುರುತಿಸಿದರು. ಪೋಲ್ ಪಾಟ್‌ನು ಅದರ ಹಿಂದಿನ ವರ್ಷವೇ ನ್ಯಾಯಾಲಯದ ಕಟಕಟೆಯನ್ನು ಹತ್ತದೆ ಸತ್ತಿದ್ದನು. ವಿಶ್ವಸಂಸ್ಥೆಯ ನೆರವಿನಿಂದ ರಚಿತವಾದ ವಿಶೇಷ ನ್ಯಾಯಾಲಯದ ವತಿಯಿಂದ 2008ರ ಫೆಬ್ರುವರಿಯಲ್ಲಿ ಡೂಚ್‌ನನ್ನು ಟೂಲ್ ಸ್ಲೆಂಗ್‌ಗೆ ಕರೆತಂದಾಗ ಅವನು ಅತ್ತನು. ವಿಚಾರಣೆಯಲ್ಲಿ ಕ್ಷಮೆ ಬೇಡಿದನು. ಆದರೆ 2009ರ ನವೆಂಬರಿನಲ್ಲಿ ವಿಚಾರಣೆಯ ಕೊನೆಯ ದಿನ ತನ್ನನ್ನು ಬಿಡುಗಡೆ ಮಾಡಬೇಕೆಂದೂ ಕೇಳಿಕೊಂಡನು. 2010ರಲ್ಲಿ 35 ವರ್ಷಗಳ ಶಿಕ್ಷೆ, ಮೇಲ್ಮನವಿಯಲ್ಲಿ 2012ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಲ್ಪಟ್ಟಿತು. 2020ರಲ್ಲಿ ಅವನು ಬಂದಿಯಾಗಿಯೇ ಸತ್ತನು. ಅವನ ಆ ಕಣ್ಣೀರು ಎಷ್ಟರಮಟ್ಟಿಗೆ ನಿಜವೆಂಬುದನ್ನು ಬದುಕುಳಿದವರು ಒಂದೇ ರೀತಿಯಲ್ಲಿ ಎಣಿಸಲಿಲ್ಲ.

ಚೋಯೆಂಗ್ ಎಕ್

ಟೂಲ್ ಸ್ಲೆಂಗ್‌ನಲ್ಲಿ ಆರಂಭವಾದ ಕಥೆ ಮುಗಿಯುವುದು ನಗರದಿಂದ ಸುಮಾರು 15 ಕಿಲೋಮೀಟರು ದೂರದ ಚೋಯೆಂಗ್ ಎಕ್‌ನಲ್ಲಿ. ಹಿಂದೆ ಅದು ಹಣ್ಣಿನ ತೋಟ, ಚೀನೀಯರ ಸ್ಮಶಾನ. ಬೇರೆ ಮನೆಗೆ ಸಾಗಿಸುತ್ತೇವೆಂದು ನಂಬಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ರಾತ್ರಿಯ ಹೊತ್ತು ಲಾರಿಗಳಲ್ಲಿ ಬಂದಿಗಳನ್ನು ಇಲ್ಲಿಗೆ ತರುತ್ತಿದ್ದರು. ಗುಂಡಿನ ವೆಚ್ಚವನ್ನು ಉಳಿಸಲು ಕಬ್ಬಿಣದ ಸಲಾಕೆ, ಗುದ್ದಲಿಗಳಿಂದಲೇ ಕೆಲಸ ಮುಗಿಸುತ್ತಿದ್ದರು. ಕೂಗು ಸುತ್ತಲಿನವರಿಗೆ ಕೇಳದಿರಲೆಂದು ಧ್ವನಿವರ್ಧಕದಲ್ಲಿ ಗಟ್ಟಿಯಾಗಿ ಹಾಡುಗಳನ್ನು ಹಾಕುತ್ತಿದ್ದರು. ಇಲ್ಲಿ ಗುರುತಿಸಿರುವ ಸಾಮೂಹಿಕ ಗುಂಡಿಗಳು 129. ಅವುಗಳಲ್ಲಿ 86ನ್ನು ಅಗೆದಾಗ 8,985 ಜನರ ಅವಶೇಷಗಳು ದೊರೆತವು. ಉಳಿದವುಗಳನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದಾರೆ. 1988ರಲ್ಲಿ ಕಟ್ಟಿದ ಎತ್ತರದ ಸ್ತೂಪದಲ್ಲಿ ಗಾಜಿನ ಹಿಂದೆ ತಲೆಬುರುಡೆಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಇರಿಸಿದೆ.

ಇಂದು ಅಲ್ಲಿ ಹುಲ್ಲು ಬೆಳೆದು ತಗ್ಗುದಿಣ್ಣೆಗಳು ಮೆತ್ತಗಾಗಿವೆ. ಹಕ್ಕಿಗಳ ದನಿ ಕೇಳುತ್ತದೆ. ಆದರೆ ಜೋರಾಗಿ ಮಳೆ ಬಂದ ಮರುದಿನ ನೆಲದಿಂದ ಬಟ್ಟೆಯ ಚೂರು, ಎಲುಬಿನ ತುಣುಕು, ಹಲ್ಲು ಮೇಲಕ್ಕೆ ಬರುತ್ತವೆ. ಅಲ್ಲಿನ ನೌಕರರು ಅವನ್ನು ಆಯ್ದು ಜೋಪಾನಮಾಡುತ್ತಾರೆ. ಮಕ್ಕಳನ್ನು ಅಪ್ಪಳಿಸಿ ಕೊಂದ ಮರವೊಂದು ಇನ್ನೂ ನಿಂತಿದೆ. ಬಂದವರು ಅದರ ಬೊಡ್ಡೆಗೆ ಬಣ್ಣಬಣ್ಣದ ದಾರದ ಕಡಗಗಳನ್ನು ಸಿಕ್ಕಿಸಿ ಹೋಗುತ್ತಾರೆ.

ಇಂತಹ ಗುಂಡಿಗಳು ಕಾಂಬೋಡಿಯದ ಉದ್ದಗಲಕ್ಕೂ ಇವೆ. ಕೊಲೆ, ಹಸಿವು, ರೋಗ, ಮಿತಿಮೀರಿದ ದುಡಿಮೆ ಇವುಗಳಿಂದ ಮೂರು ವರ್ಷ ಎಂಟು ತಿಂಗಳುಗಳಲ್ಲಿ 15 ಲಕ್ಷದಿಂದ 20 ಲಕ್ಷ ಜನರು ಸತ್ತರೆಂದು ಇತಿಹಾಸಕಾರರ ಲೆಕ್ಕ. ಆಗ ದೇಶದ ಒಟ್ಟು ಜನಸಂಖ್ಯೆಯೇ ಸುಮಾರು 80 ಲಕ್ಷ.

ನೋಡುವುದು ಹೇಗೆ?

ಸತ್ತವರ ಸ್ಥಳವನ್ನು ಟಿಕೇಟು ಕೊಂಡು ನೋಡುವುದು ಸರಿಯೇ ಎಂಬ ಪ್ರಶ್ನೆ ಏಳದಿರುವುದಿಲ್ಲ. ಕಾಂಬೋಡಿಯದವರೇ ಇದನ್ನು ಕೇಳಿಕೊಂಡಿದ್ದಾರೆ. ಟೂಲ್ ಸ್ಲೆಂಗ್‌ನಲ್ಲಿ ತಲೆಬುರುಡೆಗಳನ್ನು ಜೋಡಿಸಿ ಮಾಡಿದ ದೇಶದ ನಕಾಶೆಯೊಂದು ಬಹಳ ವರ್ಷ ಗೋಡೆಯ ಮೇಲಿತ್ತು. ಸತ್ತವರಿಗೆ ಅದು ಮರ್ಯಾದೆಯಲ್ಲವೆಂದು 2002ರಲ್ಲಿ ಅದನ್ನು ಕಳಚಿದರು. ಇಲ್ಲಿ ನಗಬಾರದೆಂದು ಸೂಚಿಸಲು ನಗುಮುಖದ ಮೇಲೆ ಗೆರೆ ಎಳೆದ ಫಲಕವನ್ನು ಗೋಡೆಗೆ ಹಾಕಿದ್ದಾರೆ. ಮಾತು ತಗ್ಗಿಸಿ, ಮೈತುಂಬ ಬಟ್ಟೆ ತೊಟ್ಟು, ಗುಡಿಗೆ ಹೋಗುವ ಮನಸ್ಸಿನಿಂದ ಒಳಗೆ ಹೋಗುವವನಿಗೆ ಅಲ್ಲಿ ಯಾರ ಅಡ್ಡಿಯೂ ಇಲ್ಲ. ಎಳೆಯ ಮಕ್ಕಳನ್ನು ಕರೆದೊಯ್ಯುವ ಮುನ್ನ ತಾಯಿತಂದೆಗಳು ಯೋಚಿಸುವುದು ಒಳ್ಳೆಯದು. ಒಂದೇ ದಿನ ಎರಡನ್ನೂ ನೋಡುವವರು ಬೆಳಿಗ್ಗೆ ಟೂಲ್ ಸ್ಲೆಂಗ್‌ಗೂ ಮಧ್ಯಾಹ್ನ ಚೋಯೆಂಗ್ ಎಕ್‌ಗೂ ಹೋಗುವುದು ವಾಡಿಕೆ. ಅಂದು ಬಂದಿಗಳು ಸಾಗಿದ ದಾರಿಯೂ ಅದೇ.

ಮರೆಯುವುದೇ ಲೇಸೆಂಬ ವಾದವೂ ಆ ದೇಶದಲ್ಲಿ ಇಲ್ಲದಿಲ್ಲ. ಕೊಂದವರೂ ಕೊಲೆಗೀಡಾದವರ ಮಕ್ಕಳೂ ಒಂದೇ ಹಳ್ಳಿಯಲ್ಲಿ ಬಾಳಬೇಕಾಗಿರುವಾಗ ಹಳೆಯ ಗಾಯವನ್ನು ಕೆದಕಬಾರದೆಂದು ಹೇಳುವವರ ಸಂಕಟವು ಸುಳ್ಳಲ್ಲ. ಬಹಳ ಕಾಲ ಶಾಲೆಯ ಪಠ್ಯಗಳಲ್ಲಿ ಈ ವರ್ಷಗಳ ಕಥೆ ಇದ್ದೂ ಇಲ್ಲದಂತಿತ್ತು. ತಮ್ಮ ತಾಯಿತಂದೆಗಳು ಹೇಳುವ ಹಸಿವಿನ ಕಥೆಯನ್ನು ಕಟ್ಟುಕಥೆಯೆಂದು ಬಗೆದ ಯುವಕರೂ ಇದ್ದರು. ಚಲನಚಿತ್ರಕಾರ ರಿತಿ ಪಾನ್ ಅವರು 2003ರ ತಮ್ಮ ಚಿತ್ರಕ್ಕಾಗಿ ವಾನ್ ನಾಥ್ ಅವರನ್ನೂ ಹಳೆಯ ಕಾವಲುಗಾರರನ್ನೂ ಈ ಶಾಲೆಗೇ ಕರೆತಂದು ಎದುರುಬದುರಾಗಿ ನಿಲ್ಲಿಸಿದರು. ವಾನ್ ನಾಥ್ ಅವರು ಕೈಯೆತ್ತಲಿಲ್ಲ, ಬಯ್ಯಲಿಲ್ಲ. ಏಕೆ ಹಾಗೆ ಮಾಡಿದಿರಿ, ಅದರ ಅರ್ಥವನ್ನು ತಿಳಿಸಿ ಎಂದಷ್ಟೇ ಮತ್ತೆ ಮತ್ತೆ ಕೇಳಿದರು. 2011ರಲ್ಲಿ ಅವರು ತೀರಿಕೊಂಡರು.

ಆ ಪ್ರಶ್ನೆಯನ್ನು ಈಗ ಕಾಂಬೋಡಿಯದ ಶಾಲೆಗಳು ಎತ್ತಿಕೊಂಡಿವೆ. 2007ರಲ್ಲಿ ಆ ಆಳ್ವಿಕೆಯ ಇತಿಹಾಸವನ್ನು ಕುರಿತ ಪಠ್ಯಪುಸ್ತಕವು ಕಾಂಬೋಡಿಯದ ಲೇಖಕ ಖಂಬೋಲಿ ದಿ ಅವರಿಂದ ಹೊರಬಂದಿತು. ಅದನ್ನು ಪಾಠ ಹೇಳಲು ಉಪಾಧ್ಯಾಯರಿಗೆ ತರಬೇತಿಯೂ ನಡೆಯಿತು. 2025ರ ಜುಲೈನಲ್ಲಿ ಟೂಲ್ ಸ್ಲೆಂಗ್, ಚೋಯೆಂಗ್ ಎಕ್ ಮತ್ತು ಡೂಚ್‌ನು ಮೊದಲು ನಡೆಸಿದ್ದ ಎಂ-13 ಎಂಬ ಕಾಡಿನ ಸೆರೆಮನೆ ಈ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದರಿಂದ ಅಂಗ್ಕೋರ್ ವಾಟ್ ಇರುವ ಪಟ್ಟಿಯಲ್ಲಿಯೇ ಈ ಸೆರೆಮನೆಗಳೂ ನಿಂತಂತಾಯಿತು. ತನ್ನ ವೈಭವವನ್ನೂ ತನ್ನ ಪಾಪವನ್ನೂ ಒಟ್ಟಿಗೆ ಲೋಕಕ್ಕೆ ತೋರಿಸಲು ಒಂದು ಜನಾಂಗಕ್ಕೆ ಬಹಳ ಧೈರ್ಯ ಬೇಕು.

ಟೂಲ್ ಸ್ಲೆಂಗ್‌ನ ಅಂಗಳಕ್ಕೆ ಬಿಳಿಯ ಅಂಗಿ ತೊಟ್ಟ ವಿದ್ಯಾರ್ಥಿಗಳ ತಂಡಗಳು ಇಂದು ಉಪಾಧ್ಯಾಯರೊಡನೆ ಬರುತ್ತವೆ. ಕೋಣೆಯಿಂದ ಕೋಣೆಗೆ ಹೋಗಿ ನೋಡುತ್ತವೆ, ಕೇಳುತ್ತವೆ, ಬರೆದುಕೊಳ್ಳುತ್ತವೆ. ಅವರು ಹೊರಗೆ ಬರುವ ವೇಳೆಗೆ ದೇವಕಣಗಿಲೆಯ ನೆರಳು ಸಮಾಧಿಗಳ ಮೇಲೆ ಸರಿದಿರುತ್ತದೆ. ಗಣಿತವನ್ನೂ ವ್ಯಾಕರಣವನ್ನೂ ಹೇಳಿಕೊಡುವ ಕಟ್ಟಡವಾಗಿ ಅದು ಮರಳಿ ತೆರೆಯಲಿಲ್ಲ. ಆದರೂ ಇಷ್ಟು ವರ್ಷಗಳ ಬಳಿಕ ಅಲ್ಲಿ ಪಾಠವು ಮತ್ತೆ ನಡೆಯುತ್ತಿದೆ.